ಶಾಸಕರೇ, ನಮ್ಮಮ್ಮನ ಕಿವಿಗೆ ಒಂದು ಇಯರ್‌ಫೋನ್ ಬಿಡಿ

ನಮ್ಮ ತಾಲೂಕಿನ ಮಾನ್ಯ ಶಾಸಕರಿಗೆ,

ನಮಸ್ಕಾರ ಸರ್. ನಾನು ತಾಲೂಕು ಆಸ್ಪತ್ರೆ ಮುಂದಿನ ಸ್ಟ್ಯಾಂಡ್‌ನಲ್ಲಿ ಆಟೋ ಓಡಿಸೋನು. ನಿಮಗೆ ನನ್ನ ಪರಿಚಯ ಇಲ್ಲ. ಆದರೆ ನಮ್ಮಮ್ಮನ ಜೊತೆ ನೀವು ಫೋಟೋ ತೆಗೆಸಿಕೊಂಡಿದ್ದೀರಿ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಕೇಳೋದು ಒಂದೇ. ಆಪರೇಷನ್ ಆಗಿ ಮಲಗಿರೋರು ಇಯರ್‌ಫೋನ್ ಹಾಕಿಕೊಂಡು ತಮಗೆ ಬೇಕಾದ ಹಾಡೋ, ದೇವರ ನಾಮವೋ, ಪ್ರಾರ್ಥನೆಯೋ ಕೇಳಬಹುದು ಅಂತ ಒಂದು ಲಿಖಿತ ಆದೇಶ ಮಾಡಿಸಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ನೀವೇ ಅಧ್ಯಕ್ಷರು. ಒಂದು ಹಾಳೆ, ಒಂದು ಸಹಿ. ಅನುದಾನ ಬೇಡ, ಟೆಂಡರ್ ಬೇಡ.

ಇದು ನಿನ್ನೆ ಮೊನ್ನೆಯ ಕಥೆ ಅಲ್ಲ. ಎಂಟು ವರ್ಷದ ಹಿಂದೆ ಅಪ್ಪನಿಗೆ ಹರ್ನಿಯಾ ಆಪರೇಷನ್ ಆದಾಗ ದಿಂಬಿನ ಪಕ್ಕ ಇಟ್ಟುಕೊಂಡಿದ್ದ ಸಣ್ಣ ರೇಡಿಯೋ ಎತ್ತಿಸಿದರು. ಹೆಂಡತಿಗೆ ಸಿಸೇರಿಯನ್ ಆದಾಗಲೂ ಅದೇ. ಆಗೆಲ್ಲ ಸುಮ್ಮನಿದ್ದೆ. ಆಸ್ಪತ್ರೆಯವರ ಜೊತೆ ಜಗಳ ಯಾಕೆ, ನಾಳೆ ಮತ್ತೆ ಅವರ ಹತ್ರಾನೇ ಬರಬೇಕಲ್ವಾ ಅಂತ. ಈ ಸಲ ಸುಮ್ಮನಿರೋಕೆ ಆಗಲಿಲ್ಲ.

ಅಮ್ಮನಿಗೆ 68 ವರ್ಷ. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆ ಮೂಳೆ ಮುರಿಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿ ರಾಡ್ ಹಾಕಿದರು. ಡಾಕ್ಟರ್ ಒಳ್ಳೆಯವರು, ಕೆಲಸವೂ ಚೆನ್ನಾಗಿ ಆಯಿತು, ಅದರ ಬಗ್ಗೆ ಒಂದು ಮಾತೂ ಇಲ್ಲ. ಸಂಜೆ ಹೊತ್ತಿಗೆ ಮರಗಟ್ಟಿದ್ದು ಬಿಟ್ಟು ನೋವು ಶುರುವಾಯಿತು. ಹತ್ತರಲ್ಲಿ ಎಷ್ಟು ನೋವಿದೆ ಅಜ್ಜಿ ಅಂತ ಕೇಳಿದರೆ "ಹನ್ನೆರಡು ಬರ್ಕೊಳ್ಳಪ್ಪ" ಅಂದಳು. ಎಂಟು ಗಂಟೆಗೆ ಇಂಜೆಕ್ಷನ್ ಕೊಟ್ಟರು. ಮುಂದಿನದು ಎರಡು ಗಂಟೆ ರಾತ್ರಿಗೆ.

ನಮ್ಮಮ್ಮನಿಗೆ ಅಕ್ಷರ ಬರಲ್ಲ. ಆದರೆ ಬೆಳಗ್ಗೆ ಹಾಲು ಕರೆಯುವಾಗ ಸಹಸ್ರನಾಮ ಕೇಳಿ ಕೇಳಿ ಪೂರ್ತಿ ಬಾಯಿಗೆ ಬಂದಿದೆ. ಅವಳು ಎಲ್ಲಾದರೂ ತಪ್ಪಿದರೆ ಹಸು ತಿರುಗಿ ನೋಡುತ್ತೆ ಅಂತ ನಾವು ತಮಾಷೆ ಮಾಡ್ತೀವಿ. ಆ ರಾತ್ರಿ ನನ್ನ ಮೊಬೈಲ್‌ಗೆ ಇಯರ್‌ಫೋನ್ ಸಿಕ್ಕಿಸಿ ಕಿವಿಗೆ ಇಟ್ಟೆ. ನಂಬಿ ಬಿಡಿ, ಹತ್ತು ನಿಮಿಷದಲ್ಲಿ ಮಂಚದ ಕಂಬಿ ಹಿಡಿದಿದ್ದ ಕೈ ಸಡಿಲ ಆಯಿತು. ತುಟಿ ಅಲ್ಲಾಡುತ್ತಿತ್ತು. ನೋವು ಹೋಯಿತು ಅಂತ ನಾನು ಹೇಳಲ್ಲ, ನೋವು ಇತ್ತು, ಆದರೆ ಅವಳು ಬರೀ ನೋವನ್ನೇ ನೋಡ್ತಾ ಮಲಗಿರಲಿಲ್ಲ.

ಹತ್ತು ಗಂಟೆಗೆ ಸಿಸ್ಟರ್ ಬಂದು ಮೊಬೈಲ್ ತೆಗೆದುಕೊಂಡು ಹೋದರು. ಪಕ್ಕದ ಮಂಚದಲ್ಲಿ ಗರ್ಭಕೋಶದ ಆಪರೇಷನ್ ಆದ ಒಬ್ಬ ಮುಸ್ಲಿಂ ಹೆಂಗಸು ಇದ್ದರು. ಅವರ ಮಗಳು ಕುರಾನ್ ಪಠಣ ಹಾಕಿಕೊಟ್ಟಿದ್ದಳು. ಅದೂ ಹೋಯಿತು. ಯಾಕೆ ಅಂದರೆ ಮೊದಲು "ಮೆಷಿನ್‌ಗೆ ತೊಂದರೆ ಆಗುತ್ತೆ" ಅಂದರು. ಆ ವಾರ್ಡ್‌ನಲ್ಲಿ ಇದ್ದ ಮೆಷಿನ್ ಅಂದರೆ ಒಂದು ಫ್ಯಾನ್, ಒಂದು ಟಿವಿ, ಅಷ್ಟೇ. ಆಮೇಲೆ ನಿಜ ಹೇಳಿದರು. ಹಿಂದೆ ಯಾರೋ ವಾರ್ಡ್‌ನಲ್ಲಿ ವಿಡಿಯೋ ಮಾಡಿ ಹರಿಬಿಟ್ಟಿದ್ದರಂತೆ, ಅವತ್ತಿಂದ ಒಳಗೆ ಮೊಬೈಲ್ ಇಲ್ಲ. ಅವರ ಭಯ ನನಗೆ ಅರ್ಥ ಆಗುತ್ತೆ. ಇಡೀ ವಾರ್ಡ್‌ಗೆ ರಾತ್ರಿ ಒಬ್ಬರೇ ಸಿಸ್ಟರ್. ಆದರೆ ಇಯರ್‌ಫೋನ್‌ಗೆ ಕ್ಯಾಮೆರಾ ಇರಲ್ಲ. ಮೆಮೊರಿ ಕಾರ್ಡ್ ಹಾಕುವ ಸಣ್ಣ ಪ್ಲೇಯರ್ ತರ್ತೀನಿ ಅಂದೆ. "ನನ್ನ ಕೈಯಲ್ಲಿಲ್ಲ ಅಣ್ಣ, ಬರವಣಿಗೆಯಲ್ಲಿ ಕೊಡಿಸಿ" ಅಂದರು. ಅದಕ್ಕೇ ಬರೀತಾ ಇದ್ದೀನಿ.

ಇದೇ ವಾರ್ಡ್‌ನ ಗೋಡೆಯ ಮೇಲೆ ನಿಮ್ಮ ಹೆಸರು ಬರೆದ ಟಿವಿ ಇದೆ ಸರ್. ಬೆಳಗ್ಗಿಂದ ಅದರಲ್ಲಿ ಬ್ರೇಕಿಂಗ್ ನ್ಯೂಸ್ ಕಿರುಚುತ್ತೆ. ಅದನ್ನು ಆಫ್ ಮಾಡೋಕೆ ರಿಮೋಟ್ ಸಿಗಲ್ಲ. ಅದಕ್ಕೆ ನಿಯಮ ಇಲ್ಲ.

ಈಗ ಫೋಟೋ ವಿಷಯ. ಮಾರನೇ ದಿನ ನಿಮ್ಮ ಹುಟ್ಟುಹಬ್ಬ. ರಾತ್ರಿ ಸರಿಯಾಗಿ ಹನ್ನೆರಡಕ್ಕೆ ಆಸ್ಪತ್ರೆ ಗೇಟ್ ಪಕ್ಕದ ಸರ್ಕಲ್‌ನಲ್ಲಿ ನಿಮ್ಮ ಅಭಿಮಾನಿಗಳು ಕೇಕ್ ಕತ್ತರಿಸಿದರು. ಡಿಜೆ, ಪಟಾಕಿ ಸರ. ಮೊದಲ ಸದ್ದಿಗೇ ಅಮ್ಮ ಬೆಚ್ಚಿಬಿದ್ದು ಕಾಲು ಎಳೆದುಕೊಂಡಳು. ಅವಳು ಕಿರುಚಿದ್ದು ನನಗೆ ಇವತ್ತಿಗೂ ಕೇಳುತ್ತೆ. ಒಂದು ಗಂಟೆಯವರೆಗೆ ನಡೆಯಿತು. ಆಸ್ಪತ್ರೆಯ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಬಹುದು, ಅಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಶಬ್ದ 40 ಡೆಸಿಬಲ್ ದಾಟಬಾರದು, ಇದು 2000ನೇ ಇಸವಿಯ ನಿಯಮ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ನಾನು ಹಾರ್ನ್ ಹೊಡೆದರೆ ದಂಡ ಬೀಳುತ್ತೆ. ಡಿಜೆಗೆ ಪೊಲೀಸರ ಕಾವಲಿತ್ತು. ಕಿವಿಯೊಳಗೆ ಮಾತ್ರ ಕೇಳೋ ಸಹಸ್ರನಾಮದಿಂದ ಆಸ್ಪತ್ರೆಯ ಶಿಸ್ತು ಕೆಡುತ್ತೆ, ರಸ್ತೆಯ ಡಿಜೆಯಿಂದ ಕೆಡಲ್ಲ. ಭೇಷ್.

ಬೆಳಗ್ಗೆ ಹತ್ತೂವರೆಗೆ ನೀವು ಬಂದಿರಿ. ಜೊತೆಗೆ ನಲವತ್ತು ಜನ, ಎಲ್ಲರ ಕೈಯಲ್ಲೂ ಮೊಬೈಲ್! ಅವತ್ತು ವಿಡಿಯೋ ಭಯ ಯಾರಿಗೂ ಇರಲಿಲ್ಲ. ಒಂದು ಬ್ರೆಡ್ ಪ್ಯಾಕೆಟ್, ಒಂದು ಸೇಬು ಅಮ್ಮನ ಎದೆ ಮೇಲೆ ಇಟ್ಟು "ಅಜ್ಜಿ ಸ್ವಲ್ಪ ನಗಿ" ಅಂತ ಒಬ್ಬ ಹೇಳಿದ. ನಿಮ್ಮ ಪೇಜ್‌ನಲ್ಲಿ ಆ ಫೋಟೋ ಇದೆ, "ರೋಗಿಗಳ ಮೊಗದಲ್ಲಿ ಮಂದಹಾಸ" ಅಂತ. ದೊಡ್ಡದು ಮಾಡಿ ನೋಡಿ ಸರ್. ಅಮ್ಮ ಕಂಬಿ ಹಿಡಿದಿದ್ದಾಳೆ.

ಇದೆಲ್ಲ ಹಳ್ಳಿ ನಂಬಿಕೆ ಅಂತ ನಿಮ್ಮ ಪಿಎ ಹೇಳಬಹುದು. ನಾನು ಎಸ್ಸೆಸ್ಸೆಲ್ಸಿ ಫೇಲು. ಆದರೆ ಮಗಳು ನರ್ಸಿಂಗ್ ಓದ್ತಾ ಇದ್ದಾಳೆ, ಅವಳು ತೋರಿಸಿದಳು. 2015ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 73 ಪ್ರಯೋಗಗಳನ್ನು, ಸುಮಾರು 7000 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿದ್ದಾರೆ. ಆಪರೇಷನ್ ಹೊತ್ತಲ್ಲಿ ಸಂಗೀತ ಕೇಳಿದವರಿಗೆ ನೋವು, ಗಾಬರಿ ಎರಡೂ ಕಡಿಮೆ, ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಯಾವ ಸಂಗೀತ ಅನ್ನೋದರಿಂದ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಬೇಗ ಡಿಸ್ಚಾರ್ಜ್ ಆದರು ಅಂತೇನಿಲ್ಲ, ಅದನ್ನೂ ಅವರೇ ಬರೆದಿದ್ದಾರೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇನ್ನೊಂದು ಬಂದಿತ್ತು. ಕ್ರೈಸ್ತರ ಜಪಮಾಲೆ ಪ್ರಾರ್ಥನೆ ಹೇಳಿದರೂ, "ಓಂ ಮಣಿ ಪದ್ಮೇ" ಅನ್ನೋ ಮಂತ್ರ ಹೇಳಿದರೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತಂತೆ. ಅದು ಆರೋಗ್ಯವಂತರ ಮೇಲೆ ಮಾಡಿದ್ದು. ಆದರೂ ಅಮ್ಮನ ಉಸಿರು ಆ ಹತ್ತು ನಿಮಿಷದಲ್ಲಿ ನಿಧಾನ ಆಗಿದ್ದು ನಾನು ಕಣ್ಣಾರೆ ನೋಡಿದೆ.

ಒಂದು ಹೆದರಿಕೆ ಇದೆ, ಹೇಳಿಬಿಡ್ತೀನಿ. ಇದನ್ನು ಓದಿ ನೀವು ಉತ್ಸಾಹದಲ್ಲಿ ವಾರ್ಡ್‌ಗೆ ದೊಡ್ಡ ಸ್ಪೀಕರ್ ಹಾಕಿಸಿ, ಟೇಪ್ ಕತ್ತರಿಸಿ, "ಸಂಗೀತ ಚಿಕಿತ್ಸಾ ಕೇಂದ್ರ" ಅಂತ ಬೋರ್ಡ್ ಹಾಕಿಬಿಟ್ಟೀರಿ. ದಯವಿಟ್ಟು ಬೇಡ. ಅಮ್ಮನಿಗೆ ಸಹಸ್ರನಾಮ ಬೇಕು, ಪಕ್ಕದವರಿಗೆ ಕುರಾನ್, ಮೂಲೆಯ ಮಂಚದ ಅಜ್ಜಿಗೆ ಅಣ್ಣಾವ್ರ ಹಾಡು, ಬಾಗಿಲ ಹತ್ತಿರದವರಿಗೆ ಏನೂ ಬೇಡ, ನಿದ್ದೆ ಬೇಕು. ಸ್ಪೀಕರ್ ಹಾಕಿದರೆ ಮಾರನೇ ದಿನವೇ ಯಾರ ದೇವರು ಮೊದಲು ಅಂತ ಗಲಾಟೆ. ಇಯರ್‌ಫೋನ್ ಸಾಕು. ಇನ್ನೊಂದು, ಭಜನೆ ಕೇಳ್ತಾ ಇದ್ದಾರಲ್ಲ ಅಂತ ಇಂಜೆಕ್ಷನ್ ತಪ್ಪಿಸಬೇಡಿ. ಎರಡು ಗಂಟೆಗೆ ಕೊಡಬೇಕಾದ್ದು ಎರಡು ಗಂಟೆಗೇ ಕೊಡಲಿ, ಇದು ಅದರ ಜೊತೆಗೆ.

ಆ ರಾತ್ರಿ ಪಟಾಕಿ ನಿಂತ ಮೇಲೆ ಪಕ್ಕದ ಹುಡುಗಿ ಅವರಮ್ಮನ ಕೈ ಹಿಡಿದುಕೊಂಡು ಮೆಲ್ಲಗೆ ಬಾಯಲ್ಲೇ ಓದ್ತಾ ಕೂತಳು. ನನಗೆ ಸಹಸ್ರನಾಮ ಬರಲ್ಲ. ಮೊದಲ ಸಲ ನಾಚಿಕೆ ಆಯಿತು.

ಮುಂದಿನ ತಿಂಗಳು ನನ್ನ ತಂಗಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್, ಅದೇ ವಾರ್ಡ್. ಅಷ್ಟರೊಳಗೆ ಆ ಒಂದು ಆದೇಶ ಮಾಡಿಸಿ ಸರ್. ಅವಳು ಈಗಾಗಲೇ ಇಯರ್‌ಫೋನ್ ಚೀಲಕ್ಕೆ ಹಾಕಿಟ್ಟಿದ್ದಾಳೆ. ಆದೇಶದ ಪ್ರತಿ ಸಿಕ್ಕರೆ ಝೆರಾಕ್ಸ್ ಮಾಡಿಸಿ ಅದರ ಜೊತೆಗೇ ಇಡ್ತೀನಿ. ಸೇಬು ಕಳಿಸಬೇಡಿ.

ಇಂತಿ,
ಆಸ್ಪತ್ರೆ ಸ್ಟ್ಯಾಂಡಿನ ಒಬ್ಬ ಆಟೋ ಚಾಲಕ