ರೋಗಿಯ ಜೊತೆ ನರ್ಸ್ ಬರಲಿ, ಮನೆಯವರ ಕೈಗೆ ಅಂಬು ಬ್ಯಾಗ್ ಕೊಡಬೇಡಿ

ಮಾನ್ಯ ಸಂಪಾದಕರೇ,

ಹೋದ ಮಳೆಗಾಲದಲ್ಲಿ ನಮ್ಮ ಕಾಕಾ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಗದಗದಿಂದ ಹುಬ್ಬಳ್ಳಿಗೆ ಹತ್ತಿರ ಹತ್ತಿರ 60 ಕಿಲೋಮೀಟರ್ ಆಂಬುಲೆನ್ಸ್‌ನಲ್ಲಿ ಕರೆತಂದೆವು. ದಾರಿಯುದ್ದಕ್ಕೂ ಟೆಕ್ನಿಷಿಯನ್ ಪಕ್ಕದಲ್ಲೇ ಕೂತು ಆಕ್ಸಿಜನ್ ನೋಡಿಕೊಂಡ, ಬಿಪಿ ನೋಡಿದ, ಏನೂ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಎರಡು ದಿನ ಬಿಟ್ಟು, ಆಸ್ಪತ್ರೆಯ ಒಳಗೇ, ಐಸಿಯುದಿಂದ ಸಿಟಿ ಸ್ಕ್ಯಾನ್ ಕೋಣೆಗೆ ಹೋಗುವಾಗ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬೇರೆ ಕಡೆಯೂ ಹೀಗೇ ಆಗಿದೆ ಅಂತ ಆಮೇಲೆ ಪರಿಚಯದ ಮೂರ್ನಾಲ್ಕು ಮಂದಿ ಹೇಳಿದರು.

ಕಾಕಾ ವೆಂಟಿಲೇಟರ್ ಮೇಲಿದ್ದರು. ಇನ್ನೊಮ್ಮೆ ಸ್ಕ್ಯಾನ್ ಆಗಬೇಕು ಅಂದರು, ಆಗ ರಾತ್ರಿ ಹತ್ತು ಗಂಟೆ. ವೆಂಟಿಲೇಟರ್ ಬಿಡಿಸಿ, ಬಾಯಲ್ಲಿದ್ದ ಪೈಪಿಗೆ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಸಿಕ್ಕಿಸಿ, ಅದನ್ನು ನನ್ನ ಕೈಗೆ ಕೊಟ್ಟು ‘ಹಿಂಗ ಒತ್ತಕೋತ ನಡೀರಿ’ ಅಂದರು. ನನ್ನ ತಮ್ಮನ ಕೈಗೆ ಸಲೈನ್ ಬಾಟಲಿ. ವಾರ್ಡ್ ಬಾಯ್ ಒಬ್ಬನೇ ಸ್ಟ್ರೆಚರ್ ಎಳೆದ. ನರ್ಸ್ ಬರಲಿಲ್ಲ, ಆಕೆಗೆ ಇನ್ನೂ ಐದು ಬೆಡ್ ನೋಡುವುದಿತ್ತು, ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಲಿಫ್ಟ್‌ಗೆ ಕಾದೆವು. ಕೆಳಗೆ ಹೋದರೆ ಸ್ಕ್ಯಾನ್ ಟೇಬಲ್ ಮೇಲೆ ಬೇರೆ ರೋಗಿ, ನಾವು ಬರುತ್ತೇವೆ ಅಂತ ಅಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ, ಹಾಗಾಗಿ ಕಾರಿಡಾರಿನಲ್ಲೇ ನಿಂತು ಒತ್ತುತ್ತಾ ಇದ್ದೆ, ಕೈ ಸೋತು ಹೋಗಿತ್ತು, ಅಷ್ಟರಲ್ಲಿ ತಮ್ಮ ‘ಅಣ್ಣಾ, ಮುಳ್ಳು ನೋಡು’ ಅಂದ. ಜೊತೆಗಿದ್ದ ಆಕ್ಸಿಜನ್ ಸಿಲಿಂಡರಿನ ಮೀಟರ್ ಮುಳ್ಳು ಕೆಂಪಿಗೆ ಬಂದಿತ್ತು, ಅಂದರೆ ಆಕ್ಸಿಜನ್ ಮುಗಿಯುತ್ತಾ ಬಂದಿತ್ತು. ವಾರ್ಡ್ ಬಾಯ್ ಓಡಿ ಹೋಗಿ ಬೇರೆ ಸಿಲಿಂಡರ್ ತಂದ. ಅದನ್ನು ತೆರೆಯುವ ಚಾವಿ ಇರಲಿಲ್ಲ. ಮತ್ತೆ ಓಡಿದ. ಆ ಕೆಲವು ನಿಮಿಷ ಕಾಕಾನ ತುಟಿ ನೋಡುತ್ತಾ ನಿಂತದ್ದು ನನಗೆ ಈಗಲೂ ನಿದ್ದೆಯಲ್ಲಿ ಬರುತ್ತದೆ.

ಕಾಕಾ ಉಳಿದರು. ಈಗ ಹೊಲದ ಕಡೆ ಓಡಾಡುತ್ತಾರೆ.

ನನ್ನ ತಂಗಿ ಧಾರವಾಡದಲ್ಲಿ ಐಸಿಯು ನರ್ಸ್. ಅವಳಿಗೆ ಇದನ್ನೆಲ್ಲ ಹೇಳಿದಾಗ ಮೊದಲು ಕೇಳಿದ್ದೇ ‘ಎಷ್ಟು ಸಲ ಒತ್ತಿದಿ?’ ಅಂತ. ದೊಡ್ಡವರಿಗೆ ನಿಮಿಷಕ್ಕೆ 10ರಿಂದ 12 ಸಲ ಸಾಕಂತೆ, ಅಂದರೆ ಐದಾರು ಸೆಕೆಂಡಿಗೆ ಒಮ್ಮೆ. ನಾನು ಹೆದರಿಕೆಯಲ್ಲಿ ಅದರ ಎರಡು ಮೂರು ಪಟ್ಟು ಒತ್ತಿದ್ದೇನೆ. ಹಾಗೆ ಬೇಗ ಬೇಗ ಒತ್ತಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ತೀರಾ ಇಳಿದು ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಮೊದಲೇ ಪೆಟ್ಟು ತಿಂದ ಮೆದುಳಿಗೆ ರಕ್ತ ಇನ್ನೂ ಕಡಿಮೆ ಹೋಗುತ್ತದೆ. ಒಳ್ಳೆಯದಾಗಲಿ ಅಂತ ಒತ್ತಿದ ಕೈಯೇ ಕೆಟ್ಟದ್ದು ಮಾಡಬಹುದಿತ್ತು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಹೇಳಿಕೊಡುವುದೂ ಬೇಡ. ಆ ಕೆಲಸ ಕಲಿತವರೇ ಮಾಡಬೇಕು ಅಲ್ವಾ?

ಸಿಲಿಂಡರ್ ಲೆಕ್ಕವನ್ನೂ ಅವಳೇ ಹೇಳಿದಳು. ಸ್ಟ್ರೆಚರ್ ಜೊತೆ ಒಯ್ಯುವ ಬಿ ಟೈಪ್ ಸಿಲಿಂಡರ್ ಪೂರ್ತಿ ತುಂಬಿದಾಗ ಮುಳ್ಳು 150ರ ಹತ್ತಿರ ಇರುತ್ತದೆ, ಒಳಗೆ ಸುಮಾರು 1500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 15 ಲೀಟರ್ ಬಿಟ್ಟರೆ 100 ನಿಮಿಷ. ಅದೇ ಮುಳ್ಳು 30ರಲ್ಲಿದ್ದರೆ ಒಳಗೆ 300 ಲೀಟರ್, ಬರೀ 20 ನಿಮಿಷ. ನಮ್ಮಲ್ಲಿ ಲಿಫ್ಟ್‌ಗೆ ಮತ್ತು ಸ್ಕ್ಯಾನ್‌ಗೆ ಕಾಯುವುದಕ್ಕೇ ಅದಕ್ಕಿಂತ ಜಾಸ್ತಿ ಹೋಯಿತು. ಹೊರಡುವ ಮೊದಲು ಮುಳ್ಳು ನೋಡಿ ಒಂದು ಗುಣಾಕಾರ ಮಾಡಿದ್ದರೆ, ಕೆಳಗೆ ಒಂದು ಫೋನ್ ಮಾಡಿ ‘ಟೇಬಲ್ ಖಾಲಿ ಇದೆಯಾ’ ಅಂತ ಕೇಳಿದ್ದರೆ ಇಷ್ಟು ಆಗುತ್ತಿರಲಿಲ್ಲ. ಬಿಪಿ ಏರಿಸುವ ಔಷಧ ಪಂಪಿನಲ್ಲಿ ಹೋಗುತ್ತಿದ್ದರೆ ಅದರ ಬ್ಯಾಟರಿಯನ್ನೂ ನೋಡಬೇಕಂತೆ, ಅದು ನಿಂತರೆ ಕೆಲವೇ ನಿಮಿಷದಲ್ಲಿ ಬಿಪಿ ಬಿದ್ದುಹೋಗುತ್ತದೆ.

ಮನೆಯವರ ಕೈಗೆ ಸಾಮಾನು ಕೊಡುವ ರೂಢಿ ಎಲ್ಲಿಗೆ ಒಯ್ಯಬಹುದು ಅಂತ ನಾವು ಮೊದಲೇ ನೋಡಿದ್ದೇವೆ. 2018ರ ಜನವರಿಯಲ್ಲಿ ಮುಂಬೈನ ಒಂದು ಆಸ್ಪತ್ರೆಯಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದರು. ಯಂತ್ರದ ಅಯಸ್ಕಾಂತ ಅವರನ್ನೂ ಸಿಲಿಂಡರನ್ನೂ ಸೆಳೆದುಕೊಂಡು ಅವರು ಸತ್ತೇ ಹೋದರು. ಕಬ್ಬಿಣದ ಸಿಲಿಂಡರ್ ಅಲ್ಲಿಗೆ ಒಯ್ಯಬಾರದು ಅಂತ ಹಳ್ಳಿಯಿಂದ ಬಂದ ನನಗಂತೂ ಗೊತ್ತಿರಲಿಲ್ಲ.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಆಸ್ಪತ್ರೆಗಳನ್ನು ನಡೆಸುವವರಲ್ಲಿ ನನ್ನ ಕೇಳಿಕೆ ಇಷ್ಟೇ. ವೆಂಟಿಲೇಟರ್ ಮೇಲಿರುವ ರೋಗಿ ಬೆಡ್ ಬಿಟ್ಟು ಹೊರಟರೆ ಉಸಿರಿನ ಪೈಪ್ ಜಾರಿದರೂ ನಿಭಾಯಿಸಬಲ್ಲ ಡಾಕ್ಟರ್ ಮತ್ತು ಒಬ್ಬ ನರ್ಸ್ ಜೊತೆಗೆ ಬರಲಿ. ರಾತ್ರಿ ಪಾಳಿಗೆ ಅಷ್ಟು ಜನ ಇಲ್ಲ ಅಂದರೆ ಜನರನ್ನು ತೆಗೆದುಕೊಳ್ಳಿ, ಅಥವಾ ಆ ಪರೀಕ್ಷೆ ಬೆಳಿಗ್ಗೆವರೆಗೆ ತಡೆಯುತ್ತದೆಯಾ ಅಂತ ಯೋಚನೆ ಮಾಡಿ. ಎಕ್ಸ್‌ರೇ, ಅಲ್ಟ್ರಾಸೌಂಡ್ ಬೆಡ್ ಹತ್ತಿರವೇ ಆಗುತ್ತವೆ, ಅದಕ್ಕೆ ರೋಗಿಯನ್ನು ಸುಮ್ನೆ ಎಳೆದಾಡಬೇಡಿ. ನಾವು ಮನೆಯವರು ಫೈಲ್ ಹಿಡಿದುಕೊಂಡು ಹಿಂದೆ ಬರುತ್ತೇವೆ, ಲಿಫ್ಟ್‌ನಲ್ಲಿ ಜಾಗ ಬಿಡುತ್ತೇವೆ.

ಇದೆಲ್ಲ ಆಗಲು ತಿಂಗಳು ಹಿಡಿಯಬಹುದು, ಗೊತ್ತು. ಅಲ್ಲಿಯವರೆಗೆ ಸಿಲಿಂಡರ್ ತೆರೆಯುವ ಆ ಚಾವಿಯನ್ನಾದರೂ ಪ್ರತಿ ಸಿಲಿಂಡರಿಗೂ ಒಂದು ಸರಪಳಿಯಲ್ಲಿ ಕಟ್ಟಿಡಿ, ನಾಳೆಯೇ.

ಇತಿ,
ಗದಗ ತಾಲ್ಲೂಕಿನ ಓದುಗ