ಮೆಕ್ಕೆಜೋಳ ಸುರಿದ ಮಾತ್ರಕ್ಕೆ ಜಿಂಕೆ ಅವನದಾಗುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಜಿಂಕೆ ಬೇಟೆಯನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನೂ ಅದಕ್ಕೆ ಓದುಗರು ಬರೆದ ಪ್ರತಿಕ್ರಿಯೆಗಳನ್ನೂ ಓದಿದೆ. ಕೊಲ್ಲುವುದೇ ಉದ್ದೇಶವಾದ ಮೇಲೆ ಮೇವಿನ ರಾಶಿ ಸುರಿದು ಜಿಂಕೆಯನ್ನು ಸೆಳೆದು ಕೊಂದರೇನು, ಕಾಡು ಅಲೆದು ಕೊಂದರೇನು ಎಂಬುದು ಲೇಖಕರ ಪ್ರಶ್ನೆ. ಪ್ರಾಣಿಗೆ ತಪ್ಪಿಸಿಕೊಳ್ಳಲು ಅವಕಾಶ ಬಿಟ್ಟು ಆಡುವುದೇ ಸರಿಯಾದ ಬೇಟೆ ಎನ್ನುವ ‘ಫೇರ್ ಚೇಸ್’ ನೀತಿ ಬೇಟೆಗಾರರು ತಮ್ಮ ಸಮಾಧಾನಕ್ಕೆ ಕಟ್ಟಿಕೊಂಡ ಕಥೆ ಎಂದೂ ಅವರು ಬರೆದಿದ್ದಾರೆ. ಪ್ರತಿಕ್ರಿಯಿಸಿದವರಲ್ಲಿ ಹೆಚ್ಚಿನವರು ಇದಕ್ಕೆ ತಲೆದೂಗಿದ್ದಾರೆ. ನಾನು ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿರುವವನು. ಬೇಟೆಗಾರನಲ್ಲ, ಮಾಂಸಾಹಾರಿಯೂ ಅಲ್ಲ. ಲೇಖಕರ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. ಉಳಿದರ್ಧದ ಬಗ್ಗೆ ತಕರಾರಿದೆ.

ಮೊದಲು ಒಪ್ಪಿಗೆಯ ಮಾತು. ಫೇರ್ ಚೇಸ್ ನೀತಿಯನ್ನು ಊರಿಗೆಲ್ಲ ಸಾರಿದ್ದು 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮತ್ತು ಅವರ ಗೆಳೆಯರು ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್. ಆ ಕಾಲದಲ್ಲಿ ನ್ಯೂಯಾರ್ಕ್ ರಾಜ್ಯದ ಆಡಿರಾಂಡಾಕ್ ಬೆಟ್ಟಗಳಲ್ಲಿ ನಾಯಿ ಬಿಟ್ಟು ಜಿಂಕೆಯನ್ನು ಸರೋವರಕ್ಕೆ ಅಟ್ಟಿ, ಅದು ಈಜುತ್ತಿರುವಾಗ ದೋಣಿಯಲ್ಲಿ ಬೆನ್ನಟ್ಟಿ ಹೊಡೆಯುತ್ತಿದ್ದರು. ರಾತ್ರಿ ದೀಪದಿಂದ ಕಣ್ಣು ಕೋರೈಸಿ ಗುಂಡು ಹಾರಿಸುವುದೂ ನಡೆದಿತ್ತು. ಇದು ಮರ್ಯಾದಸ್ಥರು ಮಾಡುವ ಕೆಲಸವಲ್ಲ ಎಂದು ಕ್ಲಬ್ಬಿನವರು ದನಿಯೆತ್ತಿದರು. ಮುಂದೆ 1902ರ ನವೆಂಬರಿನಲ್ಲಿ, ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ಮಿಸಿಸಿಪಿಗೆ ಕರಡಿ ಬೇಟೆಗೆ ಹೋದಾಗ, ಹೋಲ್ಟ್ ಕಾಲಿಯರ್ ಎಂಬ ನುರಿತ ಬೇಟೆಗಾರ ಕರಡಿಯೊಂದನ್ನು ಹಿಡಿದು ಮರಕ್ಕೆ ಕಟ್ಟಿ ಅಧ್ಯಕ್ಷರಿಗಾಗಿ ಕಾದಿದ್ದ. ಕಟ್ಟಿಹಾಕಿದ ಪ್ರಾಣಿಗೆ ಗುಂಡಿಕ್ಕಲಾರೆ ಎಂದು ರೂಸ್‌ವೆಲ್ಟ್ ನಿರಾಕರಿಸಿದರು. ಪತ್ರಿಕೆಯ ವ್ಯಂಗ್ಯಚಿತ್ರದಲ್ಲಿ ಆ ಪ್ರಸಂಗ ಬಂತು, ‘ಟೆಡ್ಡಿ ಬೇರ್’ ಗೊಂಬೆ ಹುಟ್ಟಿತು, ಮಕ್ಕಳಿಗೆಲ್ಲ ಗೊತ್ತು. ಗೊಂಬೆಯ ಅಂಗಡಿಯವರು ಹೇಳದೆ ಬಿಡುವ ಸಂಗತಿ ಇನ್ನೊಂದಿದೆ. ಗಾಯಗೊಂಡಿದ್ದ ಆ ಕರಡಿಯನ್ನು ರೂಸ್‌ವೆಲ್ಟ್ ಅವರ ಅಪ್ಪಣೆಯಂತೆಯೇ ಚಾಕುವಿನಿಂದ ಕೊಂದು ಮುಗಿಸಿದರು. ಫೇರ್ ಚೇಸ್‌ನಿಂದ ರೂಸ್‌ವೆಲ್ಟ್ ಅವರ ಮಾನ ಉಳಿಯಿತು. ಕರಡಿಗೆ ಏನೂ ಸಿಗಲಿಲ್ಲ.

ಆದ್ದರಿಂದ ಜಿಂಕೆಯ ನೋವೊಂದನ್ನೇ ಅಳತೆಗೋಲು ಮಾಡಿಕೊಂಡರೆ ಮೇವು ಸುರಿಯುವವರ ವಾದವೇ ಗಟ್ಟಿ. ರಾಶಿಯ ಮುಂದೆ ತಲೆ ಬಗ್ಗಿಸಿ ನಿಂತ ಜಿಂಕೆಯನ್ನು ಹತ್ತಿರದಿಂದ, ಸಾವಧಾನವಾಗಿ ಗುರಿಯಿಟ್ಟು ಒಂದೇ ಏಟಿಗೆ ಉರುಳಿಸಬಹುದು. ಓಡುತ್ತಿರುವ ಜಿಂಕೆಯ ಹೊಟ್ಟೆಗೆ ಗುಂಡು ತಗುಲಿದರೆ ಅದು ಪೊದೆ ಸೇರಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಬಿಲ್ಲುಬಾಣದ ಬೇಟೆಗಾರರು, ವಯಸ್ಸಾದವರು, ಕಾಲಿನ ಶಕ್ತಿ ಕುಂದಿದವರು ಈ ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ. ಅದಕ್ಕೆ ಫೇರ್ ಚೇಸ್ ಪಕ್ಷದವರು ಪರಂಪರೆ, ಪೌರುಷ ಎಂದು ಭಾಷಣ ಮಾಡುತ್ತಾರೆಯೇ ಹೊರತು ನೇರ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ಇಷ್ಟಾದರೂ ನಾನು ರಾಶಿಯ ವಿರೋಧಿ. ಗುಂಡು ತಾಗುವ ಜಿಂಕೆಯ ವಿಷಯವನ್ನು ಪಕ್ಕಕ್ಕಿಟ್ಟು, ಬದುಕಿ ಉಳಿಯುವ ಜಿಂಕೆಗಳಿಗೆ ಮತ್ತು ಬೇಲಿಯಾಚೆಯ ನೆರೆಯವನಿಗೆ ಆ ರಾಶಿ ಏನು ಮಾಡುತ್ತದೆ ಎಂದು ನೋಡಬೇಕು. ಲೇಖಕರು ಈ ಕಡೆಗೆ ಕಣ್ಣೇ ಹಾಯಿಸಿಲ್ಲ.

ಇಲ್ಲಿನ ಬಿಳಿಬಾಲದ ಜಿಂಕೆ ಇಲ್ಲೊಂದು ಚಿಗುರು, ಅಲ್ಲೊಂದು ಎಲೆ ಕಡಿಯುತ್ತ ಮುಂದೆ ಸಾಗುವ ಪ್ರಾಣಿ. ಒಂದೇ ಜಾಗದಲ್ಲಿ ದಿನವೂ ಮೆಕ್ಕೆಜೋಳ, ಕ್ಯಾರೆಟ್, ಸಕ್ಕರೆ ಬೀಟ್‌ರೂಟ್ ಸುರಿದರೆ ಬೇರೆ ಬೇರೆ ಗುಂಪಿನ ಜಿಂಕೆಗಳು ಅಲ್ಲಿ ಸೇರಿ, ಮೂತಿಗೆ ಮೂತಿ ತಾಗಿಸಿಕೊಂಡು ತಿನ್ನುತ್ತವೆ. ಒಂದರ ಜೊಲ್ಲು ಇನ್ನೊಂದರ ಬಾಯಿಗೆ ಹೋಗುತ್ತದೆ. ಮಿಷಿಗನ್ನಿನಲ್ಲಿ 1994ರಲ್ಲಿ ಬೇಟೆಗಾರನೊಬ್ಬ ಹೊಡೆದ ಜಿಂಕೆಯಲ್ಲಿ ದನಗಳ ಕ್ಷಯರೋಗ ಪತ್ತೆಯಾಯಿತು. ಆ ರಾಜ್ಯದ ಈಶಾನ್ಯ ಭಾಗದಲ್ಲಿ ಜಿಂಕೆಗಳಿಗೆ ಲೋಡುಗಟ್ಟಲೆ ಮೇವು ಹಾಕುವ ರೂಢಿ ಬೇರೂರಿತ್ತು. ರೋಗ ಜಿಂಕೆಗಳಲ್ಲಿ ನೆಲೆಯೂರಿ, ಕೆಲವೇ ವರ್ಷಗಳಲ್ಲಿ ಕೊಟ್ಟಿಗೆಯ ದನಗಳಿಗೂ ದಾಟಿತು. ಬಂದೂಕನ್ನೇ ಮುಟ್ಟದ ಹೈನುಗಾರರು ತಮ್ಮ ಹಸುಗಳನ್ನು ಕಳೆದುಕೊಂಡರು.

ಕ್ಷಯಕ್ಕಿಂತ ಕೆಟ್ಟದ್ದು ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’. ಜಿಂಕೆ ಜಾತಿಯ ಪ್ರಾಣಿಗಳ ಮಿದುಳನ್ನು ಸ್ಪಂಜಿನಂತೆ ತೂತು ಮಾಡಿ, ಸೊರಗಿಸಿ ಕೊಲ್ಲುವ ಇದು 1967ರಲ್ಲಿ ಕೊಲೊರಾಡೊದ ಸಂಶೋಧನಾ ಕೇಂದ್ರವೊಂದರಲ್ಲಿ ಸಾಕಿದ್ದ ಜಿಂಕೆಗಳಲ್ಲಿ ಮೊದಲು ಕಂಡಿತು. ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ತಪ್ಪಾಗಿ ಮಡಚಿಕೊಂಡ ಪ್ರೋಟೀನ್, ಅಂದರೆ ಪ್ರಿಯಾನ್. ಇದಕ್ಕೆ ಔಷಧವಿಲ್ಲ, ಬೇಯಿಸಿದರೆ ನಾಶವಾಗುವುದಿಲ್ಲ. ಜೊಲ್ಲು, ಮೂತ್ರ, ಹಿಕ್ಕೆಗಳಲ್ಲಿ ಹೊರಬಂದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ವರ್ಷವರ್ಷವೂ ಅದೇ ಮರದ ಕೆಳಗೆ ರಾಶಿ ಸುರಿಯುವವನು ರೋಗಕ್ಕೆ ಕಾಯಂ ಮನೆ ಕಟ್ಟಿಕೊಡುತ್ತಾನೆ. ಮನುಷ್ಯರಿಗೆ ಹರಡಿದ್ದು ದೃಢಪಟ್ಟಿಲ್ಲ. ಆದರೂ ಸೋಂಕಿರುವ ಜಿಂಕೆಯ ಮಾಂಸ ತಿನ್ನಬೇಡಿ ಎಂದು ಆರೋಗ್ಯ ಇಲಾಖೆಗಳು ಎಚ್ಚರಿಸುತ್ತವೆ. ಇಂದು ಅದು ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ.

ನಮ್ಮ ವಿಸ್ಕಾನ್ಸಿನ್‌ನಲ್ಲಿ ಮೌಂಟ್ ಹೋರೆಬ್ ಊರಿನ ಬಳಿ ಹೊಡೆದ ಮೂರು ಜಿಂಕೆಗಳಲ್ಲಿ ಸೋಂಕು ಇರುವುದು 2002ರ ಫೆಬ್ರವರಿಯಲ್ಲಿ ಖಚಿತವಾಯಿತು. ಸರ್ಕಾರ ಬೆಚ್ಚಿಬಿದ್ದು ಇಡೀ ರಾಜ್ಯದಲ್ಲಿ ಮೇವು ಸುರಿಯುವುದನ್ನು ನಿಷೇಧಿಸಿತು. ಮರುವರ್ಷವೇ ಶಾಸನಸಭೆ ಅದನ್ನು ಸಡಿಲಿಸಿ, ಸೋಂಕಿಗೆ ಸಂಬಂಧಪಟ್ಟ ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥ ವಿಭಾಗಗಳಿಗೆ) ಮಾತ್ರ ಸೀಮಿತಗೊಳಿಸಿತು. ನಿಷೇಧವಿಲ್ಲದ ಕಡೆ ಒಂದು ಜಾಗದಲ್ಲಿ ಎರಡು ಗ್ಯಾಲನ್, ಅಂದರೆ ಸುಮಾರು ಏಳೂವರೆ ಲೀಟರ್ ಸುರಿಯಬಹುದು. ರೋಗ ಬಂದ ಮೇಲೆ ಬಾಗಿಲು ಹಾಕುವ ಈ ಏರ್ಪಾಡನ್ನು ಕಂಡಾಗ ಕಾನೂನು ಬರೆದವರು ಪಶುವೈದ್ಯರ ಮಾತು ಕೇಳಿದರೋ, ಶರತ್ಕಾಲದಲ್ಲಿ ಪೆಟ್ರೋಲ್ ಬಂಕಿನ ಮುಂದೆ ಮೆಕ್ಕೆಜೋಳದ ಮೂಟೆ ಪೇರಿಸಿ ಮಾರುವವರ ಮಾತು ಕೇಳಿದರೋ ಎಂಬ ಅನುಮಾನ ನನಗಿದೆ.

ಚಳಿಗಾಲದ ಮಧ್ಯೆ ಕರುಣೆಯಿಂದ ಧಾನ್ಯ ಹಾಕುವುದೂ ಅಪಾಯವೇ. ಕಡ್ಡಿ, ಮೊಗ್ಗು ಅರಗಿಸಲು ಹೊಂದಿಕೊಂಡ ಹೊಟ್ಟೆಗೆ ಒಮ್ಮೆಲೇ ಜೋಳ ಬಿದ್ದರೆ ಆಮ್ಲ ಹೆಚ್ಚಿ, ಹೊಟ್ಟೆ ತುಂಬಿದ ಜಿಂಕೆ ಸಾಯುತ್ತದೆ. ಬಿಚ್ಚಿಕೊಂಡ ಹಸು ಕಾಳಿನ ಮೂಟೆಗೆ ಬಾಯಿ ಹಾಕಿದ ದಿನವನ್ನು ಕಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನೆರೆಯವನ ಮಾತು. ಹಳೆಯ ಇಂಗ್ಲೆಂಡಿನಲ್ಲಿ ಜಿಂಕೆ ಅರಸನದು, ಜಹಗೀರುದಾರನದು. ಅಮೆರಿಕದಲ್ಲಿ ಹಾಗಲ್ಲ. ಕಾಡುಜಿಂಕೆ ಯಾರ ಜಮೀನಿನಲ್ಲಿ ಮೇಯುತ್ತಿದ್ದರೂ ಅದು ಜನರ ಸ್ವತ್ತು, ಅವರ ಪರವಾಗಿ ರಾಜ್ಯ ಅದನ್ನು ಕಾಯುತ್ತದೆ. ಮಾರುಕಟ್ಟೆಗಾಗಿ ನಡೆದ ಬೇಟೆಯಿಂದ 1900ರ ಹೊತ್ತಿಗೆ ದೇಶದಲ್ಲಿ ಸುಮಾರು 5 ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆಗಳು ಇಂದು ಸುಮಾರು 3 ಕೋಟಿ ಇವೆ ಎಂದು ಅಂದಾಜು. ಅದಕ್ಕೆ ಬೇಟೆಯ ಪರವಾನಗಿ ಶುಲ್ಕ ಮತ್ತು 1937ರ ಕಾಯ್ದೆಯಡಿ ಬಂದೂಕು, ಮದ್ದುಗುಂಡುಗಳ ಮೇಲೆ ಸಂಗ್ರಹಿಸಿದ ತೆರಿಗೆ ನೆರವಾಗಿವೆ. ಎಲ್ಲರ ದುಡ್ಡಿನಿಂದ ಬೆಳೆದ ಹಿಂಡನ್ನು ಒಬ್ಬನು ನೂರು ಡಾಲರಿನ ಜೋಳದಿಂದ ತನ್ನ ಬೇಲಿಯೊಳಗೆ ಹಿಡಿದಿಟ್ಟುಕೊಂಡರೆ, ಸಾರ್ವಜನಿಕ ಅರಣ್ಯದಲ್ಲಿ ಬೆಳಗಿನಿಂದ ಹಿಮದಲ್ಲಿ ನಡೆಯುವ ಸ್ವಂತ ಜಮೀನಿಲ್ಲದ ಬೇಟೆಗಾರನಿಗೆ ಹೆಜ್ಜೆ ಗುರುತೂ ಸಿಗುವುದಿಲ್ಲ. ಅವನು ಸೋತದ್ದು ಜಿಂಕೆಗಲ್ಲ, ಮೂಟೆಗೆ. ಅನ್ಯಾಯ ಎಂಬ ಮಾತನ್ನು ನಾನು ಬಳಸುವುದು ಇಲ್ಲಿ.

ರಾಶಿಯಿಂದ ಬೇಟೆ ಸಲೀಸಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ದಕ್ಷಿಣ ಕ್ಯಾರೊಲಿನಾದಲ್ಲಿ ಬಹುಕಾಲ ಕರಾವಳಿಯ ಕಡೆ ಮೇವು ಸುರಿಯಬಹುದಿತ್ತು, ಒಳನಾಡಿನಲ್ಲಿ ಕೂಡದಾಗಿತ್ತು. ಎರಡನ್ನೂ ಹೋಲಿಸಿದಾಗ ಸುರಿಯುವ ಕಡೆಯೇ ಬೇಟೆಯ ಪ್ರಮಾಣ ಕಡಿಮೆ ಇತ್ತು. ಹಗಲು ರಾಶಿಯ ಬಳಿ ಮನುಷ್ಯನ ವಾಸನೆ ಹಿಡಿದ ಜಿಂಕೆ ರಾತ್ರಿ ಬರಲು ಕಲಿಯುತ್ತದೆ. ಬೇಟೆಗಾರ ಅಟ್ಟಣಿಗೆಯ ಮೇಲೆ ನಡುಗುತ್ತ ಕೂತಿರುತ್ತಾನೆ.

ಜೋಳದ ಹೊಲದ ಅಂಚಿನಲ್ಲಿ ಹೊಂಚು ಹಾಕುವುದಕ್ಕೂ ರಾಶಿಗೂ ಏನು ವ್ಯತ್ಯಾಸ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಹೊಲ ಹತ್ತಾರು ಎಕರೆಗೆ ಹರಡಿರುತ್ತದೆ, ಜಿಂಕೆಗಳು ಚದುರಿ ಮೇಯುತ್ತವೆ, ಬೆಳೆ ಬೆಳೆದದ್ದು ಬೇರೆ ಉದ್ದೇಶಕ್ಕೆ. ಜಿಂಕೆಯನ್ನು ಸೆಳೆಯಲೆಂದೇ ಬಿತ್ತುವ ಪುಟ್ಟ ತಾಕುಗಳ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಇನ್ನೂ ಅತ್ತಿತ್ತ ತೂಗುತ್ತಿದೆ. ಬಾತುಕೋಳಿಗಳ ವಿಷಯದಲ್ಲಿ ಈ ದೇಶ ಇಷ್ಟು ಗೊಂದಲಪಟ್ಟಿಲ್ಲ: ವಲಸೆ ಬಾತುಗಳನ್ನು ಕಾಳು ಎರಚಿ ಹೊಡೆಯುವುದನ್ನು ಕೇಂದ್ರ ಸರ್ಕಾರ 1935ರಲ್ಲೇ ನಿಷೇಧಿಸಿತು. ಜಿಂಕೆಯನ್ನು ರಾಜ್ಯಗಳ ಪಾಲಿಗೆ ಬಿಟ್ಟದ್ದರಿಂದ ಒಂದೊಂದು ರಾಜ್ಯಕ್ಕೂ ಒಂದೊಂದು ನೀತಿ.

ಲೇಖಕರ ತರ್ಕ ಪೂರ್ತಿಯಾಗಿ ಜಾರಿಗೆ ಬಂದರೆ ಹೇಗಿರುತ್ತದೆ ಎಂಬುದನ್ನು ಟೆಕ್ಸಾಸ್‌ನಲ್ಲಿ ನೋಡಬಹುದು. ಬಂಡೀಪುರ, ನಾಗರಹೊಳೆಗಳಲ್ಲಿ ನಾವು ಕಾಣುವ ಅದೇ ಚುಕ್ಕೆ ಜಿಂಕೆಯನ್ನೂ ರಾಣೆಬೆನ್ನೂರಿನ ಅದೇ ಕೃಷ್ಣಮೃಗವನ್ನೂ 1930ರ ದಶಕದಲ್ಲಿ ಅಲ್ಲಿಗೆ ಒಯ್ದು ಬಿಟ್ಟರು. ನಮ್ಮಲ್ಲಿ 1972ರ ಕಾಯ್ದೆ ಇವುಗಳ ಬೇಟೆಯನ್ನು ನಿಷೇಧಿಸಿದೆ. ಅಲ್ಲಿ ಇವು ಪರದೇಶಿ ಪ್ರಾಣಿಗಳು. ಬೇಟೆಗೆ ಋತುವಿಲ್ಲ, ಇಷ್ಟೇ ಹೊಡೆಯಬೇಕೆಂಬ ಮಿತಿಯಿಲ್ಲ. ಎಷ್ಟೋ ರಾಂಚುಗಳಲ್ಲಿ, ಅಂದರೆ ಖಾಸಗಿಯವರ ವಿಶಾಲ ಜಾನುವಾರು ಜಮೀನುಗಳಲ್ಲಿ, ಎತ್ತರದ ಬೇಲಿ, ಗಡಿಯಾರ ಹೊಂದಿಸಿದ ಫೀಡರ್, ಹೊತ್ತಿಗೆ ಸರಿಯಾಗಿ ಉದುರುವ ಜೋಳ, ಕೊಂಬಿನ ಅಳತೆಗೆ ತಕ್ಕ ದರಪಟ್ಟಿ. ಪ್ರಾಣಿ ಸಾರ್ವಜನಿಕರದಲ್ಲ ಎಂದಾದ ಮೇಲೆ ಅಲ್ಲಿ ಯಾರೂ ಫೇರ್ ಚೇಸ್ ಹೆಸರೆತ್ತಬೇಕಾಗಿಲ್ಲ. ತಪ್ಪಿಸಿಕೊಳ್ಳಲಾಗದ ಬೇಲಿಯೊಳಗೆ ಕೊಂದ ಪ್ರಾಣಿಯನ್ನು ಬೂನ್ ಅಂಡ್ ಕ್ರಾಕೆಟ್ ಕ್ಲಬ್ ತನ್ನ ಬೇಟೆಯ ದಾಖಲೆ ಪುಸ್ತಕಕ್ಕೆ ಸೇರಿಸುವುದಿಲ್ಲ ಎಂಬುದನ್ನು, ಆ ಕ್ಲಬ್ಬಿನ ಬಗ್ಗೆ ನನಗೆ ವಿಶೇಷ ಭಕ್ತಿಯಿಲ್ಲದಿದ್ದರೂ, ಹೇಳಲೇಬೇಕು.

ಕೊನೆಯದಾಗಿ, ಬೇಟೆಗಾರರೆಲ್ಲ ಒಂದೇ ಎಂದು ಬರೆದ ಓದುಗರಿಗೆ ಒಂದು ಮಾತು. ವಿಸ್ಕಾನ್ಸಿನ್‌ನ ನಿಷೇಧ ಬೇಟೆಗಾಗಿ ಸುರಿಯುವ ಮೇವಿಗಷ್ಟೇ ಸೀಮಿತವಲ್ಲ. ನೋಡಿ ಸಂತೋಷಪಡಲು ಜಿಂಕೆಗೆ ತಿನ್ನಿಸುವುದಕ್ಕೂ ಅನ್ವಯಿಸುತ್ತದೆ. ಮನೆಯ ಹಿತ್ತಿಲಿಗೆ ಜಿಂಕೆ ಬಂದರೆ ಸೇಬಿನ ಹೋಳು, ಬ್ರೆಡ್ಡು, ಉಳಿದ ಚಪಾತಿ ಹಾಕಿ ಊರಿಗೆ ಫೋಟೊ ಕಳಿಸುವ ಸಸ್ಯಾಹಾರಿ ಬಂಧುಗಳು ನಮ್ಮ ಕನ್ನಡ ಬಳಗದಲ್ಲೂ ಇದ್ದಾರೆ. ಹೇಳಿದರೆ ಮುನಿಸಿಕೊಳ್ಳುತ್ತಾರೆ, ನಾವೇನು ಕೊಲ್ಲುತ್ತೇವೆಯೇ ಎನ್ನುತ್ತಾರೆ. ಅವರಿರುವ ಕೌಂಟಿಯಲ್ಲಿ ನಿಷೇಧ ಜಾರಿಯಲ್ಲಿದೆಯೇ ಎಂಬುದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಜಾಲತಾಣದಲ್ಲಿದೆ. ಮುಂದಿನ ಹೋಳು ಎಸೆಯುವ ಮೊದಲು ಅದನ್ನು ನೋಡಲಿ.

ಇತಿ,
ತಮ್ಮ ಓದುಗ,
ಮ್ಯಾಡಿಸನ್, ವಿಸ್ಕಾನ್ಸಿನ್