ಪಿಂಚಣಿ ತಡವಾದರೆ ಅಜ್ಜಿಯ ಗತಿ ಏನು?

ಮಾನ್ಯರೇ,

ಮಲೆನಾಡಿನ ಹಳ್ಳಿಗಳಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿಯನ್ನೇ ನಂಬಿದ ವೃದ್ಧರಿಗೆ ಹಣ ಸಮಯಕ್ಕೆ ಸಿಗಬೇಕು. 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ, ಅಂದರೆ ವಾರಕ್ಕೆ 300 ಕೂಡ ಇಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಇಷ್ಟರಲ್ಲೇ ಬದುಕುತ್ತಾರೆ. ಅಕ್ಕಿ ಅನ್ನಭಾಗ್ಯದ್ದು. ಮಳೆಗಾಲದಲ್ಲಿ ಹಿತ್ತಲ ಕೆಸುವಿನ ಸೊಪ್ಪೇ ಸಾರು. ಸಂತೆಯಲ್ಲಿ ಕೊಳ್ಳುವುದು ಉಪ್ಪು, ಒಣಮೆಣಸು, ಸ್ವಲ್ಪ ಎಣ್ಣೆ. ಇದಕ್ಕಿಂತ ಜಾಸ್ತಿ ಉಳಿಸುವುದು ಹೇಗೆ ಅಲ್ವಾ? ಹಣ ತಡವಾದ ತಿಂಗಳು ಬಿಪಿ ಮಾತ್ರೆಯೇ ನಿಲ್ಲುತ್ತದೆ. ವಿಚಾರಿಸಲು ಪೇಟೆಗೆ ಹೋದರೆ ಅದಕ್ಕೂ ಖರ್ಚು. ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್. ಶಕ್ತಿ ಯೋಜನೆಯ ಉಚಿತ ಪ್ರಯಾಣ ಅಲ್ಲಿ ಇಲ್ಲ. ಪ್ರತಿ ತಿಂಗಳು 5ರೊಳಗೆ ಪಿಂಚಣಿ ಜಮಾ ಮಾಡಿ, ನಡೆಯಲಾಗದವರಿಗೆ ಅಂಚೆಯಣ್ಣನ ಮೂಲಕ ಮನೆ ಬಾಗಿಲಿಗೇ ತಲುಪಿಸಲಿ.

– ಓದುಗ, ಹೊಸನಗರ ತಾಲ್ಲೂಕು